ಹೆಸರು ತೆಗೆಸುವ ಪತ್ರ ಸೋಮವಾರ ಬೇಡ

ಮಗನಿಗೆ ಕ್ರೋನ್ಸ್, ಅಂದರೆ ಪದೇ ಪದೇ ಟಾಯ್ಲೆಟ್ಟಿಗೆ ಓಡಿಸುವ ಕರುಳಿನ ದೀರ್ಘ ಕಾಯಿಲೆ ಅಂತ ಗೊತ್ತಾಗಿ ಆರು ತಿಂಗಳಾಯ್ತು, ಹಾಜರಾತಿ ಸಾಲದು ಅಂತ ಇಲ್ಲಿ ಇಂಗ್ಲೆಂಡಿನ ಶಾಲೆಯಿಂದ ಪತ್ರದ ಮೇಲೆ ಪತ್ರ ಬರ್ತಿದೆ, ಸೋಮವಾರ ಹೋಗಿ ಹೆಸರು ತೆಗೆಸಿ ಮನೆಯಲ್ಲೇ ಓದಿಸಿಬಿಡ್ತೀನಿ ಅಂದಿದ್ದೀರಿ. ತಂಗಿ, ಸೋಮವಾರ ಬೇಡ. ಸ್ವಲ್ಪ ತಡೆಯಿರಿ. ನನ್ನ ಮಗಳಿಗೂ ಅದೇ ಕಾಯಿಲೆ. ಮೂರು ವರ್ಷದಿಂದ ಮನೆಯಲ್ಲೇ ಓದುತ್ತಿದ್ದಾಳೆ. ಮನೆಗೆ ಕರೆತಂದದ್ದಕ್ಕೆ ನನಗೆ ಒಂದು ದಿನವೂ ಬೇಜಾರಾಗಿಲ್ಲ, ಆದರೆ ಅಷ್ಟು ಅವಸರದಲ್ಲಿ ಪತ್ರ ಕೊಟ್ಟದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅವಳಿಗೆ ಆಗ ಹನ್ನೊಂದು. ಸೆಕೆಂಡರಿ ಶಾಲೆಗೆ ಸೇರಿದ ಮೊದಲ ವರ್ಷ. ಪಾಠದ ಹೊತ್ತಿನಲ್ಲಿ ಆ ಶಾಲೆಯಲ್ಲಿ ಟಾಯ್ಲೆಟ್ಟಿಗೆ ಬೀಗ ಹಾಕುತ್ತಿದ್ದರು. ಇವಳಿಗೊಂದು ಪಾಸ್ ಕೊಟ್ಟಿದ್ದರು ನಿಜ. ಆದರೆ ಬದಲಿ ಟೀಚರ್ ಬಂದ ದಿನ ಎಲ್ಲರೆದುರು ಎದ್ದು ನಿಂತು ಅದನ್ನು ತೋರಿಸಬೇಕಿತ್ತು, ಆಮೇಲೆ ಬೀಗದ ಕೈ ಯಾರ ಹತ್ತಿರ ಇದೆ ಅಂತ ಹುಡುಕಿಕೊಂಡು ಹೋಗಬೇಕಿತ್ತು. ಬೆಳಿಗ್ಗೆ ತಿಂಡಿ ತಿನ್ನುವುದನ್ನೇ ಬಿಟ್ಟಳು. ಡಬ್ಬಿಯ ಅವಲಕ್ಕಿ ಹಾಗೇ ವಾಪಸ್ ಬರುತ್ತಿತ್ತು. ಒಂದು ದಿನ ಬ್ಯಾಗ್ ಒಗೆಯೋಣ ಅಂತ ಖಾಲಿ ಮಾಡಿದೆ. ತಳದಲ್ಲಿ ನಮ್ಮೂರಿನ ಸೀರೆ ಅಂಗಡಿಯ ಕವರು. ಒಳಗೆ ಒಂದು ಪ್ಯಾಂಟು, ಎರಡು ಚಡ್ಡಿ, ಒದ್ದೆ ಟಿಶ್ಯೂ ಪೊಟ್ಟಣ. ನಮಗ್ಯಾರಿಗೂ ಹೇಳದೆ ಅವಳೇ ಮಡಚಿಟ್ಟುಕೊಂಡಿದ್ದಳು. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಚಿಕಿತ್ಸೆಯ ಮೊದಲ ಎಂಟು ವಾರ ಆಸ್ಪತ್ರೆಯವರು ಕೊಟ್ಟ ದ್ರವಾಹಾರ ಬಿಟ್ಟು ಬೇರೇನೂ ಬಾಯಿಗೆ ಹಾಕುವ ಹಾಗಿರಲಿಲ್ಲ. ಯುಗಾದಿ ಆಗಲೇ ಬಂತು. ನಮ್ಮ ಮನೆಯಲ್ಲಿ ಆ ವರ್ಷ ಹೋಳಿಗೆ ಮಾಡಲಿಲ್ಲ. ಆಮೇಲೆ ಎಂಟು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಔಷಧಿಯ ಡ್ರಿಪ್, ಅದರ ಮಾರನೇ ದಿನ ಸುಸ್ತು, ನಡುನಡುವೆ ಕಾಯಿಲೆ ಕೆರಳಿದ ದಿನಗಳು. ಇಂಗ್ಲೆಂಡಿನಲ್ಲಿ ಶಾಲೆ ನಡೆಯುವುದೇ ವರ್ಷಕ್ಕೆ 190 ದಿನ. ಅದರಲ್ಲಿ ಶೇಕಡ 10, ಅಂದರೆ 19 ದಿನ ತಪ್ಪಿದರೆ ‘ಸತತ ಗೈರು’ ಪಟ್ಟಿಗೆ ಸೇರಿಸುತ್ತಾರೆ. ಇಂಥ ಕಾಯಿಲೆಯ ಮಗು ಆ ಪಟ್ಟಿಗೆ ಸುಲಭವಾಗಿ ಸೇರಿಬಿಡುತ್ತದೆ. ನಿಮಗೆ ಬರುತ್ತಿರುವ ಪತ್ರ ಅದೇ. ಹೆದರಬೇಡಿ. 80 ಪೌಂಡ್, ಕಟ್ಟುವುದು ತಡವಾದರೆ 160 ಪೌಂಡ್ ದಂಡ ಅನ್ನುವುದು ಅನುಮತಿ ಇಲ್ಲದ ಗೈರಿಗೆ. ಕಾಯಿಲೆಯ ರಜೆಯನ್ನು ಅವರು ‘ಐ’ ಅಂತ ಗುರುತು ಹಾಕಬೇಕು, ಅದು ಅನುಮತಿ ಇರುವ ಗೈರು. ಯಾವ ದಿನಕ್ಕೆ ಏನು ಗುರುತು ಹಾಕಿದ್ದಾರೆ ಅಂತ ಪಟ್ಟಿ ಕೇಳಿ ನೋಡಿ.

ನಾನು ಆಗ ಇದ್ಯಾವುದನ್ನೂ ಕೇಳಲಿಲ್ಲ. ಶಾಲೆಯ ಮೀಟಿಂಗಿನಲ್ಲಿ ಒಬ್ಬರು ತುಂಬ ನಯವಾಗಿ, ಶಾಲೆ ಬಿಡಿಸಿ ಮನೆಪಾಠ ಮಾಡುವುದೇ ನಿಮ್ಮ ಮಗಳಿಗೆ ಒಳ್ಳೆಯದೇನೋ ಅಂದರು. ಸೋತು ಹೋಗಿದ್ದೆವು. ಮಾರನೇ ದಿನವೇ ಎರಡು ಸಾಲಿನ ಪತ್ರ ಕೊಟ್ಟುಬಿಟ್ಟೆವು. ಹಾಜರಾತಿ ಕಡಿಮೆ ಅನ್ನುವ ಕಾರಣಕ್ಕೆ ಮಗುವನ್ನು ಮನೆಪಾಠಕ್ಕೆ ಕರೆದೊಯ್ಯಿರಿ ಅಂತ ಶಾಲೆ ಪುಸಲಾಯಿಸಬಾರದು ಅಂತ ಸರ್ಕಾರದ ಮಾರ್ಗಸೂಚಿಯೇ ಇದೆ ಅಂತ ತಿಳಿದದ್ದು ಒಂದು ವರ್ಷ ಕಳೆದ ಮೇಲೆ.

ಈ ದೇಶದ 1996ರ ಶಿಕ್ಷಣ ಕಾಯ್ದೆಯಲ್ಲಿ ನಮಗೆ ಬೇಕಾದ ಎರಡು ಸೆಕ್ಷನ್ ಇವೆ. ಏಳನೆಯದು, ಮಗುವಿಗೆ ತಕ್ಕ ಶಿಕ್ಷಣ ಕೊಡಿಸುವುದು ತಂದೆತಾಯಿಯ ಹೊಣೆ, ಅದು ಶಾಲೆಯಲ್ಲೇ ಆಗಬೇಕಿಲ್ಲ ಅನ್ನುತ್ತದೆ. ಮನೆಪಾಠಕ್ಕೆ ಅದೇ ಆಧಾರ. ಹತ್ತೊಂಬತ್ತನೆಯದು ಇನ್ನೊಂದು ಕಡೆಯಿಂದ ಬರುತ್ತದೆ: ಕಾಯಿಲೆಯಿಂದ ಶಾಲೆಗೆ ಹೋಗಲಾಗದ ಮಗುವಿಗೆ ಶಿಕ್ಷಣದ ವ್ಯವಸ್ಥೆ ಮಾಡುವುದು ಕೌನ್ಸಿಲ್ಲಿನ, ಅಂದರೆ ಸ್ಥಳೀಯ ಆಡಳಿತದ ಹೊಣೆ. 15 ದಿನ ಅಥವಾ ಹೆಚ್ಚು ತಪ್ಪುತ್ತದೆ ಅಂತ ಖಚಿತವಾದ ಕೂಡಲೇ ಕೇಳಬಹುದು, ಬಿಡಿಬಿಡಿಯಾಗಿ ತಪ್ಪಿದ ದಿನಗಳೂ ಲೆಕ್ಕಕ್ಕೆ ಬರುತ್ತವೆ. ಮನೆಗೆ ಬರುವ ಟೀಚರ್, ಆನ್‌ಲೈನ್ ಪಾಠ, ಹೀಗೆ ಏನಾದರೂ ಮಾಡಬೇಕು. ನಾವಾಗಿಯೇ ಹೆಸರು ತೆಗೆಸಿದ ಮೇಲೆ ಪುಸ್ತಕ, ಟ್ಯೂಟರ್, ಪರೀಕ್ಷೆಯ ಫೀಸು ಎಲ್ಲ ನಮ್ಮ ತಲೆ ಮೇಲೆ. ಅದಕ್ಕೇ ಹೇಳಿದ್ದು, ಮೊದಲು ಕೇಳಿ, ಅವರ ಉತ್ತರ ಬರಹದಲ್ಲಿ ಬರಲಿ. ಆಮೇಲೂ ಮನೆಪಾಠವೇ ಬೇಕು ಅನ್ನಿಸಿದರೆ ಆ ಪತ್ರ ಯಾವಾಗ ಬೇಕಾದರೂ ಕೊಡಬಹುದು. ಇದೆಲ್ಲ ಇಂಗ್ಲೆಂಡಿನ ಮಾತು. ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ಶಾಲೆ ಬಿಡಿಸಲು ಕೌನ್ಸಿಲ್ ಒಪ್ಪಿಗೆ ಬೇಕು, ಜರ್ಮನಿಯಲ್ಲಂತೂ ಶಾಲೆಗೆ ಹೋಗುವುದೇ ಕಡ್ಡಾಯ.

ವೀಸಾ ವಿಷಯವನ್ನೂ ನೋಡಿಕೊಳ್ಳಿ. ನಮ್ಮಲ್ಲಿ ವೀಸಾ ಇದ್ದದ್ದು ನಮ್ಮ ಯಜಮಾನರ ಕೆಲಸದ ಮೇಲೆ, ಹಾಗಾಗಿ ನಾನು ಕೆಲಸ ಬಿಡಬಹುದಿತ್ತು, ಬಿಟ್ಟೆ. ನಿಮ್ಮ ಮನೆಯಲ್ಲಿ ವೀಸಾ ನಿಮ್ಮ ಕೆಲಸದ ಮೇಲಿದ್ದರೆ ಅವಸರಪಟ್ಟು ರಾಜೀನಾಮೆ ಕೊಡಬೇಡಿ. ಮಗುವಿನ ಹೆಸರಿನ ಡಿಎಲ್‌ಎ, ಅಂದರೆ ಅಂಗವೈಕಲ್ಯ ಭತ್ಯೆಗೆ ಅರ್ಜಿ ಹಾಕಿ ಅಂತ ಆಸ್ಪತ್ರೆಯಲ್ಲಿ ಯಾರಾದರೂ ಹೇಳಿಯಾರು. ಸಾರ್ವಜನಿಕ ನಿಧಿ (ಸರ್ಕಾರ ಕೊಡುವ ಭತ್ಯೆ, ನೆರವು) ಬಳಸುವಂತಿಲ್ಲ ಅಂತ ನಿಮ್ಮ ವೀಸಾದಲ್ಲಿ ಬರೆದಿದ್ದರೆ ಅದನ್ನು ಮುಟ್ಟುವ ಹಾಗಿಲ್ಲ. ಆದರೆ ಸರ್ಕಾರಿ ಶಾಲೆಯ ಶಿಕ್ಷಣ ಆ ನಿಧಿಯೊಳಗೆ ಬರುವುದಿಲ್ಲ, ಹಾಗಾಗಿ ಕೌನ್ಸಿಲ್ ಹತ್ತಿರ ಕೇಳಲು ಸಂಕೋಚ ಬೇಡ.

ಇನ್ನು ಮನೆಯಲ್ಲಿ ಓದು ಹೇಗೆ ಅಂತ ಕೇಳಿದ್ದಿರಿ. ಮೊದಲ ತಿಂಗಳು ನಾನು ಶಾಲೆಯನ್ನೇ ಮನೆಗೆ ತಂದಿಟ್ಟೆ. ಒಂಬತ್ತರಿಂದ ಮೂರರ ತನಕ ಟೈಮ್‌ಟೇಬಲ್, ಫ್ರಿಜ್ಜಿನ ಮೇಲೆ ಅಂಟಿಸಿದ್ದೆ. ಮಗು ಬಾತ್‌ರೂಮಿನಲ್ಲಿ ಹೊಟ್ಟೆ ಹಿಡಿದು ಕೂತಿದ್ದರೆ ನಾನು ಹೊರಗಿನಿಂದ ಭೂಗೋಳ ಓದಿ ಹೇಳುತ್ತಿದ್ದೆ. ನೆನೆಸಿಕೊಂಡರೆ ಕಣ್ಣು ತುಂಬುತ್ತದೆ. ಒಂದು ಬೆಳಿಗ್ಗೆ ಅವಳೇ ಆ ಹಾಳೆ ಕಿತ್ತು, ಹಿಂದುಗಡೆ ಗೆರೆ ಎಳೆದು ಬರೆದಳು: ಒಳ್ಳೆ ದಿನ, ಸುಮಾರು ದಿನ, ಕೆಟ್ಟ ದಿನ. ಒಳ್ಳೆ ದಿನ ಗಣಿತ, ವಿಜ್ಞಾನ. ಸುಮಾರು ದಿನ ಹಾಸಿಗೆಯಲ್ಲೇ ಕಥೆ ಪುಸ್ತಕ, ವಿಡಿಯೋ ಕಾಲಿನಲ್ಲಿ ತೀರ್ಥಹಳ್ಳಿಯ ಅಜ್ಜಿ ಹತ್ತಿರ ಕನ್ನಡ. ಕೆಟ್ಟ ದಿನದ ಕೆಳಗೆ ಏನೂ ಇಲ್ಲ, ಖಾಲಿ. ಆ ಹಾಳೆ ಇವತ್ತಿಗೂ ಅಲ್ಲೇ ಇದೆ. ಶಾಲೆಯ ಪಠ್ಯಕ್ರಮ, ಶಾಲೆಯ ವೇಳೆ ಪಾಲಿಸಲೇಬೇಕು ಅಂತ ಕಾನೂನು ಹೇಳುವುದಿಲ್ಲ. ಅಜ್ಜಿಯ ಹತ್ತಿರ ಕಾಗುಣಿತದಿಂದ ಶುರು ಮಾಡಿದವಳು ಈಗ ದಿನಪತ್ರಿಕೆಯ ತಲೆಬರಹ ಓದುತ್ತಾಳೆ.

ಹದಿನಾರರ ಹೊತ್ತಿಗೆ ಬರೆಯುವ ಪರೀಕ್ಷೆಗೆ ಖಾಸಗಿ ಅಭ್ಯರ್ಥಿಯಾಗಿ ಐಜಿಸಿಎಸ್‌ಇ (ನಮ್ಮ ಹತ್ತನೇ ತರಗತಿ ಮಟ್ಟದ ಪರೀಕ್ಷೆ) ಕಟ್ಟಿಸುವುದೇ ನಮ್ಮಂಥವರಿಗೆ ಸುಲಭ. ಖಾಸಗಿ ಅಭ್ಯರ್ಥಿಗಳನ್ನು ಎಲ್ಲ ಸೆಂಟರಿನವರೂ ತೆಗೆದುಕೊಳ್ಳುವುದಿಲ್ಲ. ಮಧ್ಯೆ ಎದ್ದು ಹೋಗುವ ಬಿಡುವಿಗೆ ಡಾಕ್ಟರ ಪತ್ರ ಬೇಕು, ಆದ್ದರಿಂದ ಒಂದು ವರ್ಷ ಮುಂಚೆಯೇ ವಿಚಾರಿಸಿ.

ಕಷ್ಟ ಇಲ್ಲ ಅಂತಲ್ಲ. ಗೆಳತಿಯರ ಮೆಸೇಜು ನಿಧಾನಕ್ಕೆ ನಿಂತವು. ನಮ್ಮವರೇ, ಹೆಣ್ಣು ಮಗು, ಕಾಯಿಲೆ ವಿಷಯ ಹೊರಗೆ ಆಡಬೇಡ, ನಾಳೆ ಮದುವೆ ಆಗಬೇಕು ಅಂದರು. ಮುಚ್ಚಿಟ್ಟಷ್ಟು ದಿನ ಮಗು ಇನ್ನಷ್ಟು ಮುದುಡಿತು. ರಾಜ್ಯೋತ್ಸವದ ಕೋಲಾಟಕ್ಕೆ ಅವಳನ್ನು ಬಾಗಿಲ ಹತ್ತಿರದ ಜಾಗದಲ್ಲಿ ನಿಲ್ಲಿಸಿ ಅಂತ ಇಲ್ಲಿನ ಕನ್ನಡ ಕೂಟದವರಿಗೆ ಬಾಯಿಬಿಟ್ಟು ಕಾರಣ ಹೇಳಿದೆ. ಯಾರೂ ಏನೂ ಅನ್ನಲಿಲ್ಲ, ಜಾಗ ಮಾಡಿಕೊಟ್ಟರು.

ಸೋಮವಾರ ಶಾಲೆಗೆ ಇಮೇಲ್ ಮಾಡಿ, ಕೌನ್ಸಿಲ್ಲಿಗೂ ಒಂದು ಪ್ರತಿ ಕಳಿಸಿ: ಶಾಲೆಯಲ್ಲಿ ಮಗನ ಕಾಯಿಲೆಯನ್ನು ಹೇಗೆ ನೋಡಿಕೊಳ್ಳುತ್ತೀರಿ ಅನ್ನುವ ಲಿಖಿತ ಆರೋಗ್ಯ ಯೋಜನೆ ಬೇಕು, ಇಲ್ಲಿಯತನಕ ಇಷ್ಟು ದಿನ ತಪ್ಪಿದೆ, ಸೆಕ್ಷನ್ 19ರಡಿ ಏನು ಮಾಡುತ್ತೀರಿ. ಡಾಕ್ಟರ ಪತ್ರ ಜೊತೆಗಿರಲಿ. ಶನಿವಾರ ಮಧ್ಯಾಹ್ನ ಅವನನ್ನು ಕರೆದುಕೊಂಡು ನಮ್ಮ ಮನೆಗೆ ಬನ್ನಿ, ಅವನು ತಿನ್ನಬಹುದಾದ್ದು ಏನು ಅಂತ ತಿಳಿಸಿ, ಅದನ್ನೇ ಮಾಡಿರುತ್ತೇನೆ. ಮುಂಬಾಗಿಲ ಪಕ್ಕದಲ್ಲೇ ಟಾಯ್ಲೆಟ್ ಇದೆ, ಯಾರನ್ನೂ ಕೇಳಬೇಕಾಗಿಲ್ಲ ಅಂತ ಅವನಿಗೆ ಮೊದಲೇ ಹೇಳಿರಬೇಕಂತೆ. ಮಗಳು ಹೇಳಿದಳು.