ಕ್ಯಾಲಿಫೋರ್ನಿಯಾಕ್ಕೆ ಮನೆ ಬದಲಿಸುತ್ತಿದ್ದೇವೆ: ಭೂಕಂಪ ಕಂಡವರು ಅನುಭವ ಹೇಳಿ

ಎಡಿಸನ್, ನ್ಯೂಜೆರ್ಸಿ (ಕೇಳುತ್ತಿರುವುದು)

ನನ್ನವರ ಕೆಲಸ ಫ್ರೀಮಾಂಟ್‌ಗೆ ಬದಲಾಗಿದೆ. ಮಕ್ಕಳ ಶಾಲೆ ಮುಗಿದ ಕೂಡಲೇ ಹೊರಡುತ್ತೇವೆ. ಅತ್ತೆಯವರೂ ಜೊತೆಗಿದ್ದಾರೆ, ಅವರಿಗೆ ಮಂಡಿನೋವು. ಅವರ ತವರು ಬಸವಕಲ್ಯಾಣದ ಹತ್ತಿರದ ಹಳ್ಳಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಪಕ್ಕದ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪ ಆದಾಗ ತವರಲ್ಲೇ ಇದ್ದರು. ಕ್ಯಾಲಿಫೋರ್ನಿಯಾ ಎಂದು ಕೇಳಿದಾಗಿನಿಂದ ಅವರಿಗೆ ನಿದ್ದೆಯಿಲ್ಲ. 2024ರ ಏಪ್ರಿಲ್ 5ರಂದು ಇಲ್ಲಿ 4.8 ತೀವ್ರತೆಯದು ಆದಾಗ ಚಿಕ್ಕ ಮೊಮ್ಮಗಳ ಕೈಹಿಡಿದು ಬಾಗಿಲಾಚೆ ಓಡಿದ್ದರು. ಓಡುವುದು ಸರಿಯೇ? ಬಾಡಿಗೆಗೆ ಎಂಥ ಮನೆ ನೋಡಬೇಕು? ವಿಮೆ ಬೇಕೇ? ಬೇರೆ ರಾಜ್ಯದಲ್ಲಿ ಅನುಭವ ಆದವರೂ ಹೇಳಿ. ಎಲ್ಲ ಕಡೆಯೂ ಅದು ಒಂದೇ ಥರ ಇರುತ್ತದೆಯೇ?

ಸಾಂಟಾ ಕ್ಲಾರಾ, ಕ್ಯಾಲಿಫೋರ್ನಿಯಾ

ನೋಡಮ್ಮ, 1989ರಲ್ಲಿ ಲೋಮಾ ಪ್ರಿಯೆಟಾ ಭೂಕಂಪ ಆದಾಗ ನಾನು ಸ್ಯಾನ್ ಹೋಸೆಯಲ್ಲಿ ಓದುತ್ತಿದ್ದೆ. ಅಕ್ಟೋಬರ್ 17, ಸಂಜೆ 5 ಗಂಟೆ 4 ನಿಮಿಷ. ತೀವ್ರತೆ 6.9. ಜೋರಾಗಿ ಅಲುಗಾಡಿದ್ದು ಹದಿನೈದು ಸೆಕೆಂಡಿನಷ್ಟೇ ಇರಬೇಕು, ಆದರೆ ಆ ಹೊತ್ತಿನಲ್ಲಿ ಅದು ಮುಗಿಯುವ ಹಾಗೇ ಕಾಣಲಿಲ್ಲ. ನಾವಿದ್ದದ್ದು ಮರದ ಚೌಕಟ್ಟಿನ ಬಾಡಿಗೆ ಮನೆ. ಗೋಡೆಗಳು ಕಿರುಗುಟ್ಟಿದವು, ಅಡುಗೆಮನೆಯ ಕಪಾಟಿನ ಬಾಗಿಲುಗಳು ತಾವಾಗಿಯೇ ತೆರೆದುಕೊಂಡವು, ಉಪ್ಪಿನಕಾಯಿ ಸೀಸೆಗಳೆಲ್ಲ ನೆಲಕ್ಕೆ ಬಿದ್ದು ಎಣ್ಣೆ, ಗಾಜಿನ ಚೂರು ಒಂದಾದವು. ಮನೆ ಮಾತ್ರ ನಿಂತೇ ಇತ್ತು, ಗೋಡೆಯ ಗಾರೆಯಲ್ಲಿ ಒಂದೆರಡು ಬಿರುಕು ಬಿಟ್ಟಿದ್ದವು ಅಷ್ಟೇ.

ಭೂಕಂಪದ ಕೇಂದ್ರದಿಂದ ನಮಗಿಂತ ಎಷ್ಟೋ ದೂರದಲ್ಲಿದ್ದ ಓಕ್ಲೆಂಡ್‌ನಲ್ಲಿ ಸೈಪ್ರೆಸ್ ಎಂಬ ಎರಡು ಅಂತಸ್ತಿನ ಹೆದ್ದಾರಿ ಕುಸಿಯಿತು. ಆ ಭೂಕಂಪದಲ್ಲಿ ಸತ್ತ 63 ಜನರಲ್ಲಿ 42 ಜನ ಅಲ್ಲೇ ಹೋದರು. ಸ್ಯಾನ್ ಫ್ರಾನ್ಸಿಸ್ಕೋದ ಮರೀನಾ ಬಡಾವಣೆಯಲ್ಲೂ ಕಟ್ಟಡಗಳು ನೆಲಕಚ್ಚಿದವು. ಹತ್ತಿರವಿದ್ದ ನಾವು ಉಳಿದು ದೂರದವರು ಸತ್ತದ್ದಕ್ಕೆ ಒಂದು ದೊಡ್ಡ ಕಾರಣ ಮಣ್ಣು. ಹೆದ್ದಾರಿಯ ಬಿದ್ದ ಭಾಗ ನಿಂತಿದ್ದದ್ದು ಕೊಲ್ಲಿಯ ಮೆತ್ತನೆಯ ಕೆಸರು ಮಣ್ಣಿನ ಮೇಲೆ, ಮರೀನಾ ಇರುವುದು ನೀರಿಗೆ ಮಣ್ಣು ತುಂಬಿಸಿ ಮಾಡಿದ ನೆಲದಲ್ಲಿ. ಮೆತ್ತನೆಯ ಕೆಸರು ಮಣ್ಣು ಅಲುಗಾಟವನ್ನು ಇನ್ನಷ್ಟು ಜೋರಾಗಿಸುತ್ತದೆ, ತುಂಬಿಸಿದ ಸಡಿಲ ಒದ್ದೆ ಮಣ್ಣು ಅಲುಗಿದಾಗ ಕೆಸರಿನಂತೆ ಹರಿಯತೊಡಗುತ್ತದೆ. ಹಾಗಾಗಿ ಮನೆ ನೋಡುವಾಗ ಕೇಂದ್ರ ಎಲ್ಲಾಗಬಹುದು ಎಂಬ ಚಿಂತೆಗಿಂತ ಮೊದಲು ಕೆಳಗಿನ ನೆಲ ಎಂಥದ್ದು ಎಂದು ವಿಚಾರಿಸಿ. ರಾಜ್ಯದ ಭೂವಿಜ್ಞಾನ ಇಲಾಖೆಯ ನಕ್ಷೆಯಲ್ಲಿ ವಿಳಾಸ ಹಾಕಿದರೆ ಆ ಜಾಗ ಅಪಾಯದ ವಲಯದಲ್ಲಿದೆಯೋ ಇಲ್ಲವೋ ತೋರಿಸುತ್ತದೆ.

ಫ್ರೀಮಾಂಟ್ ಊರೊಳಗೇ ಹೇವರ್ಡ್ ಫಾಲ್ಟ್ ಎಂಬ ನೆಲದಾಳದ ಬಿರುಕು ಹಾದುಹೋಗುತ್ತದೆ, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅದು ದೊಡ್ಡದಾಗಿ ಜಾರಿದ್ದು 1868ರಲ್ಲಿ. ಈಗಲೂ ವರ್ಷಕ್ಕೆ ಕೆಲವು ಮಿಲಿಮೀಟರ್ ತೆವಳುತ್ತಲೇ ಇದೆ, ಹೇವರ್ಡ್ ಪೇಟೆಯಲ್ಲಿ ರಸ್ತೆಯಂಚಿನ ಕಲ್ಲುಗಳು ಸಾಲು ತಪ್ಪಿರುವುದನ್ನು ಕಣ್ಣಾರೆ ನೋಡಬಹುದು. 2014ರಿಂದ 2043ರೊಳಗೆ ಬೇ ಏರಿಯಾದಲ್ಲಿ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ನಮ್ಮ ಈ ಊರುಗಳಲ್ಲಿ, 6.7 ಅಥವಾ ಅದಕ್ಕೂ ದೊಡ್ಡದು ಒಂದಾದರೂ ಆಗುವ ಸಾಧ್ಯತೆ 72% ಎಂದು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆ ಲೆಕ್ಕ ಹಾಕಿದೆ. ನಾನು ಇಲ್ಲೇ ಸಂಸಾರ ಮಾಡಿದೆ, ಮಕ್ಕಳನ್ನು ಬೆಳೆಸಿದೆ. ಬನ್ನಿ. ಆದರೆ ಪುಸ್ತಕದ ಕಪಾಟು, ಟಿವಿ, ದೇವರ ಮಂಟಪ ಎಲ್ಲವನ್ನೂ ಬಂದ ವಾರವೇ ಗೋಡೆಯ ಮರದ ಕಂಬಕ್ಕೆ ಸ್ಕ್ರೂ ಹಾಕಿ ಬಿಗಿಸಿ. ಮಲಗುವ ಹಾಸಿಗೆಯ ಮೇಲ್ಭಾಗದಲ್ಲಿ ಗಾಜಿನ ಚೌಕಟ್ಟಿನ ಫೋಟೋ ಬೇಡವೇ ಬೇಡ.

ಸ್ಟಿಲ್‌ವಾಟರ್, ಒಕ್ಲಹೋಮ

ಅಕ್ಕಾರ, ನಾ ಕಲಬುರಗಿ ಕಡಿಯಾಂವ. ನಿಮ್ಮ ಅತ್ತಿಯವರ ಹೆದರಿಕಿ ನನಗ ಚೆನ್ನಾಗಿ ತಿಳೀತದ. ನಮ್ಮ ಕಡಿ ಹಳ್ಳಿಯೊಳಗ ಹಳೇ ಮನಿ ಅಂದ್ರ ಕಲ್ಲಿನ ಗ್ವಾಡಿ, ನಡುವ ಮಣ್ಣು, ಮ್ಯಾಲ ದಪ್ಪಗ ಮಣ್ಣು ಹಾಕಿದ ಮಾಳಿಗಿ. ಕಿಲ್ಲಾರಿಯಾಗ ಹಿಂದಿನ ರಾತ್ರಿ ಗಣಪತಿ ಕಳಿಸಿ ಬಂದು ಮಂದಿ ದಣದು ಮಲಗಿದ್ರು. ಆ ಮಾಳಿಗಿ, ಆ ಗ್ವಾಡಿ ಮೈಮ್ಯಾಲ ಬಿದ್ದು ಎಂಟು-ಹತ್ತು ಸಾವಿರ ಮಂದಿ ಹೋದ್ರು. ತೀವ್ರತೆ 6.2ರ ಆಜೂಬಾಜೂ, ಅಷ್ಟ. ಅಂಥ ಮನಿಯಾಗ ಬಾಗಿಲ ಹತ್ರ ಇದ್ದಾಂವ ಹೊರಗ ಓಡೋದ ಶಾಣ್ಯಾತನ. ಅವ್ರು ಕಲ್ತಿದ್ದು ಖರೇನ ಅದ, ಸುಳ್ಳಲ್ಲ. ಹಂಗಂತ ಅವ್ರಿಗೆ ಮೊದಲ ಹೇಳ್ರಿ, ಆಮ್ಯಾಲ ಇಲ್ಲಿ ಮನಿ ಬ್ಯಾರೆ ಅಂತ ತಿಳಿಸ್ರಿ. ಬರೇ "ಓಡಬ್ಯಾಡ್ರಿ" ಅಂದ್ರ ಅವ್ರು ಕೇಳೂದಿಲ್ಲ.

ಇಲ್ಲಿ ಮರದ ಮನಿ ಹಗುರ, ಬಾಗ್ತದ, ಒಮ್ಮಿಗೇ ಕುಸಿಯೂದಿಲ್ಲ. ಪೆಟ್ಟಾಗೋದು ಮ್ಯಾಲಿಂದ ಬೀಳೂ ಸಾಮಾನಿನಿಂದ, ಗಾಜಿನಿಂದ. ಒಕ್ಲಹೋಮದಾಗ ಮನಿ ಮುಂದ ಇಟ್ಟಂಗಿಯ ಹೊದಿಕಿ ಇರ್ತದ, ಇಟ್ಟಂಗಿಯ ಚಿಮಣಿ ಇರ್ತದ. ಓಡಿ ಹೊರಗ ಬಂದಾಂವನ ತಲಿಮ್ಯಾಲ ಬೀಳೋದು ಅದ.

ನಮ್ಮಲ್ಲಿಯ ಭೂಕಂಪದ ಕಥಿನ ಬ್ಯಾರೆ. ಎಣ್ಣಿ ತೆಗೆಯುವಾಗ ಜೊತಿಗೆ ಬರೂ ಉಪ್ಪುನೀರು ಭಾಳ. ಅದನ್ನ ತಿರುಗಿ ನೆಲದಾಳಕ್ಕ ಒತ್ತಿ ತುಂಬಸ್ತಾರ. ಆ ಒತ್ತಡಕ್ಕ ಹಳೇ ಬಿರುಕು ಜಾರ್ತಾವ. 2015ರಾಗ ತೀವ್ರತೆ ಮೂರು ಮತ್ತ ಅದಕ್ಕಿಂತ ದೊಡ್ಡವು ಒಂಬೈನೂರರ ಹತ್ರ ಆದವು, ಕ್ಯಾಲಿಫೋರ್ನಿಯಾಕ್ಕಿಂತ ಹೆಚ್ಚು! 2016ರ ಸೆಪ್ಟೆಂಬರ್ 3ರ ಮುಂಜಾನೆ ಪಾನಿ ಊರ ಹತ್ರ 5.8 ಆತು. ನಮ್ಮ ಊರಿಗೆ ಅದು ಸಮೀಪ. ಮೊದಲು ಧಡ್ ಅಂತ ಸಪ್ಪಳ, ಆಮ್ಯಾಲ ಅಲುಗಾಟ. ಸರ್ಕಾರ ಬಾವಿಗಳಿಗೆ ನೀರು ತುಂಬೋದನ್ನ ಕಡಿಮಿ ಮಾಡಿಸಿದ ಮ್ಯಾಲ ಭೂಕಂಪನೂ ಕಡಿಮಿ ಆದವು. ನಮ್ಮ ಸೀಮೆಯವ್ರಿಗೆ ಇದು ಹೊಸದಲ್ಲ. ಕೊಯ್ನಾ ಡ್ಯಾಮ್ ತುಂಬಿದ ಮ್ಯಾಲ 1967ರಾಗ ಆದ ಭೂಕಂಪಕ್ಕೂ ಆ ನೀರೇ ಕಾರಣ ಅಂತ ವಿಜ್ಞಾನಿಗಳು ಹೇಳ್ತಾರ.

ಲಾಸ್ ಏಂಜಲೀಸ್, ಕ್ಯಾಲಿಫೋರ್ನಿಯಾ

ಕಲಬುರಗಿಯವರು ಮರದ ಮನೆ ಕುಸಿಯುವುದಿಲ್ಲ ಎಂದದ್ದಕ್ಕೆ ಒಂದು ಮುಖ್ಯ ತಿದ್ದುಪಡಿ. 1994ರ ಜನವರಿ 17, ನಸುಕಿನ 4:31, ನಮ್ಮ ನಗರದ ನಾರ್ತ್‌ರಿಜ್, ತೀವ್ರತೆ 6.7. ಅಲ್ಲಿನ ಮೂರು ಅಂತಸ್ತಿನ ಮರದ ಅಪಾರ್ಟ್‌ಮೆಂಟ್ ಒಂದರಲ್ಲಿ ಮೇಲಿನ ಅಂತಸ್ತುಗಳು ಕೆಳಗಿನದರ ಮೇಲೆ ಕೂತು 16 ಜನ ಸತ್ತರು. ಕೆಳಗೆ ತೆಳುವಾದ ಕಂಬಗಳ ಮೇಲೆ ಕಾರು ನಿಲ್ಲಿಸುವ ಜಾಗ, ಮೇಲೆ ಮನೆಗಳು: ಇಂಥ ಹಳೆಯ ಕಟ್ಟಡಗಳನ್ನು ಇಲ್ಲಿ ಸಾಫ್ಟ್ ಸ್ಟೋರಿ ಎನ್ನುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆ ಕಡಿಮೆ ಎಂದು ಸಿಗುವ ಎಷ್ಟೋ ಅಪಾರ್ಟ್‌ಮೆಂಟುಗಳು ಇದೇ ಬಗೆಯವು. ಇವನ್ನು ಬಲಪಡಿಸಲೇಬೇಕೆಂದು ಸ್ಯಾನ್ ಫ್ರಾನ್ಸಿಸ್ಕೋ 2013ರಲ್ಲಿ, ಲಾಸ್ ಏಂಜಲೀಸ್ 2015ರಲ್ಲಿ ಕಾನೂನು ಮಾಡಿದವು. ಮನೆ ನೋಡಲು ಹೋದಾಗ "ರೆಟ್ರೋಫಿಟ್ ಆಗಿದೆಯೇ?", ಅಂದರೆ ಹೀಗೆ ಬಲಪಡಿಸಿದ್ದಾರೆಯೇ, ಎಂದು ನೇರವಾಗಿ ಕೇಳಿ. ಉತ್ತರ ಅಸ್ಪಷ್ಟವಾಗಿದ್ದರೆ ಬೇರೆ ಮನೆ ನೋಡಿ.

ಆ ದಿನ ನಾವು ಅದೇ ಸ್ಯಾನ್ ಫರ್ನಾಂಡೋ ಕಣಿವೆಯಲ್ಲೇ ಇದ್ದೆವು. ಕರೆಂಟ್ ಹೋಗಿ ಕಗ್ಗತ್ತಲು, ನೆಲದ ತುಂಬ ಗಾಜು, ಬರಿಗಾಲು. ನನ್ನ ಹೆಂಡತಿಯ ಪಾದಕ್ಕೆ ಆದ ಗಾಯವೇ ನಮ್ಮ ಮನೆಯ ದೊಡ್ಡ ಹಾನಿ. ಅಂದಿನಿಂದ ಪ್ರತಿಯೊಬ್ಬರ ಮಂಚದ ಕಾಲಿಗೆ ಒಂದು ಚೀಲ ಕಟ್ಟಿರುತ್ತದೆ, ಅದರಲ್ಲಿ ಶೂ ಮತ್ತು ಟಾರ್ಚ್. ಅತ್ತೆಯವರದಕ್ಕೆ ಕನ್ನಡಕ, ಮಾತ್ರೆ ಸೇರಿಸಿ.

ವಿಮೆ: ಮಾಮೂಲಿ ಮನೆ ವಿಮೆಯಲ್ಲಿ ಭೂಕಂಪ ಸೇರುವುದಿಲ್ಲ. ನಾರ್ತ್‌ರಿಜ್ ಆದ ಮೇಲೆ ಕಂಪನಿಗಳು ಹಿಂದೆ ಸರಿದದ್ದಕ್ಕೇ 1996ರಲ್ಲಿ ಕ್ಯಾಲಿಫೋರ್ನಿಯಾ ಅರ್ತ್‌ಕ್ವೇಕ್ ಅಥಾರಿಟಿ ಎಂಬ ವಿಮೆ ಸಂಸ್ಥೆ ಹುಟ್ಟಿದ್ದು. ಬಾಡಿಗೆದಾರರಿಗೂ ಅದರ ಪಾಲಿಸಿ ಇದೆ, ಸಾಮಾನು ಮತ್ತು ತಾತ್ಕಾಲಿಕವಾಗಿ ಬೇರೆಡೆ ಉಳಿಯುವ ಖರ್ಚಿಗೆ. ಕಟ್ಟಡದ ಚಿಂತೆ ಮಾಲೀಕರದು, ಹಾಗಾಗಿ ಬಾಡಿಗೆದಾರರ ಕಂತು ಮನೆಯೊಡೆಯರದಕ್ಕಿಂತ ಬಹಳ ಕಡಿಮೆ. ಮೂವರು ದೊಡ್ಡವರು, ಮಕ್ಕಳು ಇರುವ ಮನೆಗೆ ಅದು ಬೇಕೆಂಬುದೇ ನನ್ನ ಅಭಿಪ್ರಾಯ. ಮುಂದೆ ಸ್ವಂತ ಮನೆ ಕೊಂಡರೆ ಡಿಡಕ್ಟಿಬಲ್ ಎಷ್ಟೆಂದು ಮೊದಲು ನೋಡಿ. ಅದು ವಿಮೆಯ ಮೊತ್ತದ 5ರಿಂದ 25% ವರೆಗೆ ಇರುತ್ತದೆ, ಅಷ್ಟನ್ನು ಕೈಯಿಂದಲೇ ಭರಿಸಬೇಕು.

ರೆಡ್ಮಂಡ್, ವಾಷಿಂಗ್ಟನ್

ಇಲ್ಲಿ 2001ರ ಫೆಬ್ರುವರಿ 28ರ ನಿಸ್ಕ್ವಾಲಿ ಭೂಕಂಪ ನೆನಪಿದೆ. 6.8 ಆದರೂ ಸುಮಾರು ಐವತ್ತು ಕಿಲೋಮೀಟರ್ ಆಳದಲ್ಲಿ ಆದದ್ದರಿಂದ ಮೇಲೆ ಹೊಡೆತ ಕಡಿಮೆ. ಸಿಯಾಟಲ್‌ನ ಪಯೊನೀರ್ ಸ್ಕ್ವೇರ್‌ನಲ್ಲಿ ಹಳೆಯ ಇಟ್ಟಿಗೆ ಕಟ್ಟಡಗಳ ಮೇಲಂಚು ಕಳಚಿ ಕೆಳಗೆ ನಿಲ್ಲಿಸಿದ್ದ ಕಾರುಗಳು ಅಪ್ಪಚ್ಚಿಯಾದವು. ಆ ಫುಟ್‌ಪಾತಿನಲ್ಲಿ ಓಡಿ ಬಂದವರು ಇದ್ದಿದ್ದರೆ?

ನಮ್ಮ ನಿಜವಾದ ಭಯ ಕ್ಯಾಸ್ಕೇಡಿಯಾ. ಉತ್ತರ ಕ್ಯಾಲಿಫೋರ್ನಿಯಾದಿಂದ ಕೆನಡಾದ ವ್ಯಾಂಕೂವರ್ ದ್ವೀಪದವರೆಗೆ ಕಡಲಡಿಯಲ್ಲಿ ಭೂಮಿಯ ಹೊರಪದರದ ಒಂದು ಫಲಕ ಇನ್ನೊಂದರಡಿ ನುಗ್ಗುತ್ತಿದೆ. ಅದು ಕೊನೆಯ ಬಾರಿ ಪೂರ್ತಿ ಸಿಡಿದದ್ದು 1700ರ ಜನವರಿ 26ರ ರಾತ್ರಿ, ತೀವ್ರತೆ ಸುಮಾರು 9. ದಿನಾಂಕ ಇಷ್ಟು ಖಚಿತವಾಗಿ ತಿಳಿದದ್ದು ಜಪಾನಿನ ದಾಖಲೆಗಳಿಂದ. ನೆಲ ಅಲುಗದೆಯೇ ಅಲ್ಲಿಗೆ ಸುನಾಮಿ ಬಂದಿತ್ತು. ಇತ್ತ ವಾಷಿಂಗ್ಟನ್ ಕರಾವಳಿಯ ಕೊಪಾಲಿಸ್ ನದಿಯ ದಂಡೆಯಲ್ಲಿ ನೆಲ ಕುಸಿದು ಉಪ್ಪುನೀರು ಹೊಕ್ಕು ಸತ್ತ ದೇವದಾರುಗಳು ಈಗಲೂ ಬೋಳಾಗಿ ನಿಂತಿವೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದ್ದೇನೆ, ಹೆದರಿಸಲು ಅಲ್ಲ, ನಂಬಲಿ ಎಂದು.

ಹಾಗಾಗಿ ಕ್ಯಾಲಿಫೋರ್ನಿಯಾದವರು ಮೂರು ದಿನದ ನೀರು ಎಂದರೆ ಇಲ್ಲಿ ಎರಡು ವಾರದ್ದು ಇಟ್ಟುಕೊಳ್ಳಿ ಎನ್ನುತ್ತಾರೆ, ತಲೆಗೆ ದಿನಕ್ಕೆ ಒಂದು ಗ್ಯಾಲನ್. ಫ್ರೀಮಾಂಟ್‌ನಲ್ಲೂ ಜಾಗವಿದ್ದರೆ ಎರಡು ವಾರದ್ದೇ ಇಡಿ. ಅವಲಕ್ಕಿ, ಹುರಿಗಡಲೆ, ಚಟ್ನಿಪುಡಿ ಬೇಯಿಸದೇ ತಿನ್ನಬಹುದಾದ ಊಟ, ಅತ್ತೆಯವರಿಗೂ ಒಗ್ಗುತ್ತದೆ. ಕಡಲತೀರಕ್ಕೆ ಪ್ರವಾಸ ಹೋದಾಗ ಮಾತ್ರ ನಿಯಮ ಬೇರೆ: ಅಲುಗಾಟ ಮುಗಿಯುವವರೆಗೆ ತಲೆ ಕಾಯ್ದುಕೊಂಡು, ನಿಂತ ಕೂಡಲೇ ಸೈರನ್‌ಗೆ ಕಾಯದೆ ಎತ್ತರಕ್ಕೆ ನಡೆಯಬೇಕು.

ಹರ್ನ್‌ಡನ್, ವರ್ಜೀನಿಯಾ

ನಿಮ್ಮ 4.8ರ ವಿಷಯ. ಅದನ್ನು ಕ್ಯಾಲಿಫೋರ್ನಿಯಾದ 4.8ಕ್ಕೆ ಹೋಲಿಸಬೇಡಿ. ಪೂರ್ವದ ಬಂಡೆ ಹಳೆಯದು, ತಣ್ಣಗಿದೆ, ಗಟ್ಟಿಯಾಗಿದೆ. ಬಿರುಕಿಲ್ಲದ ಕಂಚಿನ ಗಂಟೆಯ ನಾದ ದೂರ ಹೋಗುವಂತೆ ಕಂಪನ ಅದರಲ್ಲಿ ದೂರ ಹೋಗುತ್ತದೆ. ಪಶ್ಚಿಮದ ನೆಲ ಬಿರುಕುಗಳಿಂದ ತುಂಬಿದೆ, ಅಲೆ ಬೇಗ ಸಾಯುತ್ತದೆ. 2011ರ ಆಗಸ್ಟ್ 23ರಂದು ನಮ್ಮ ಮಿನರಲ್ ಎಂಬ ಸಣ್ಣ ಊರಲ್ಲಿ ಆದ 5.8 ಜಾರ್ಜಿಯಾದಿಂದ ಕೆನಡಾದವರೆಗೆ ತಿಳಿಯಿತು. ರಾಜಧಾನಿಯ ವಾಷಿಂಗ್ಟನ್ ಸ್ಮಾರಕ ಬಿರುಕು ಬಿಟ್ಟು 2014ರ ಮೇವರೆಗೆ ಮುಚ್ಚಿತ್ತು. ನಮ್ಮ ಆಫೀಸಿನಲ್ಲಿ ಭೂಕಂಪವೆಂದು ಯಾರಿಗೂ ಹೊಳೆಯಲಿಲ್ಲ, ಬಾಂಬ್ ಎಂದುಕೊಂಡು ಎಲ್ಲರೂ ರಸ್ತೆಗೆ ಓಡಿದರು. ನಮಗೆ ಅಭ್ಯಾಸವೂ ಇರಲಿಲ್ಲ, ಎಚ್ಚರಿಕೆ ಕೊಡುವ ವ್ಯವಸ್ಥೆಯೂ ಇರಲಿಲ್ಲ. ಅಲ್ಲಿ ನಿಮಗೆ ಎರಡೂ ಸಿಗುತ್ತವೆ. ಕ್ಯಾಲಿಫೋರ್ನಿಯಾ, ಒರೆಗಾನ್, ವಾಷಿಂಗ್ಟನ್ ಮೂರರಲ್ಲೂ ಭೂಕಂಪದ ಎಚ್ಚರಿಕೆ ಕೊಡುವ ಶೇಕ್‌ಅಲರ್ಟ್ ಇದೆ. ಮೈಶೇಕ್ ಆ್ಯಪ್ ಹಾಕಿಕೊಳ್ಳಿ. ಕೇಂದ್ರ ದೂರವಿದ್ದರೆ ಕೆಲವು ಸೆಕೆಂಡು ಮುಂಚೆ ಫೋನ್ ಕೂಗುತ್ತದೆ, ತೀರಾ ಹತ್ತಿರವಿದ್ದರೆ ಅದೂ ಇಲ್ಲ.

ಆ್ಯಂಕರೇಜ್, ಅಲಾಸ್ಕಾ

2018ರ ನವೆಂಬರ್ 30, ಬೆಳಿಗ್ಗೆ ಎಂಟೂವರೆ, 7.1. ರಸ್ತೆ ಬಾಯ್ಬಿಟ್ಟಿತು, ಶಾಲೆಗಳ ಚಾವಣಿಯ ಹಲಗೆಗಳು ಉದುರಿದವು. ಒಬ್ಬರೂ ಸಾಯಲಿಲ್ಲ. 1964ರ 9.2 ಆದ ಮೇಲೆ ಇಲ್ಲಿ ಕಟ್ಟುವ ನಿಯಮಗಳು ಬಿಗಿಯಾದವು. ಕಿಲ್ಲಾರಿಯ 6.2 ಮತ್ತು ಇದನ್ನು ಪಕ್ಕಪಕ್ಕ ಇಟ್ಟು ಅತ್ತೆಯವರಿಗೆ ಹೇಳಿ.

ಎಡಿಸನ್, ನ್ಯೂಜೆರ್ಸಿ

ಎಲ್ಲವನ್ನೂ ಅತ್ತೆಗೆ ಓದಿ ಹೇಳಿದೆ. ಸ್ಟಿಲ್‌ವಾಟರ್‌ನ ಅಣ್ಣನ ಮಾತು ಎರಡು ಸಲ ಓದಿಸಿಕೊಂಡರು. "ನಮ್ಮ ಮಾಳಿಗಿ ಅವ್ನಿಗ್ಹ್ಯಾಂಗ ಗೊತ್ತು?" ಎಂದು ಕೇಳಿದರು. ಈಗ ಅವರಿಗೆ ಎರಡು ಪ್ರಶ್ನೆ: ಅಲುಗಿದಾಗ ಓಡದೆ ಮೇಜಿನಡಿ ಸೇರಬೇಕು ಎನ್ನುತ್ತಾರಲ್ಲ, ಮಂಡಿ ಮಡಚಲಾಗದವರು ಹೇಗೆ ಹೋಗುವುದು? ನೆಲ ಅಲುಗಿ ನಿಂತ ಮೇಲೆ ದೇವರಿಗೆ ದೀಪ ಹಚ್ಚಬಹುದೇ?

ಸಾಂಟಾ ಕ್ಲಾರಾ, ಕ್ಯಾಲಿಫೋರ್ನಿಯಾ

ಮೇಜಿನಡಿ ಹೋಗಬೇಕಾಗಿಲ್ಲ. ಹಾಸಿಗೆಯಲ್ಲಿದ್ದರೆ ಅಲ್ಲೇ ಇದ್ದು, ಬೋರಲು ತಿರುಗಿ ತಲೆ-ಕುತ್ತಿಗೆಯ ಮೇಲೆ ದಿಂಬು ಹಿಡಿದುಕೊಳ್ಳಲಿ. ಕುರ್ಚಿಯಲ್ಲಿದ್ದರೆ ಮುಂದಕ್ಕೆ ಬಾಗಿ ಎರಡೂ ಕೈಯಿಂದ ಕುತ್ತಿಗೆ ಮುಚ್ಚಿಕೊಳ್ಳಲಿ. ಬಾಗಿಲ ಚೌಕಟ್ಟಿನಲ್ಲಿ ನಿಲ್ಲಬೇಕೆಂಬ ಹಳೆಯ ಮಾತು ಈ ಮನೆಗಳಿಗೆ ಸಲ್ಲುವುದಿಲ್ಲ. ಅಕ್ಟೋಬರ್‌ನಲ್ಲಿ ಶೇಕ್‌ಔಟ್ ಎಂದು ಎಲ್ಲ ಕಡೆ ಅಭ್ಯಾಸ ಮಾಡಿಸುತ್ತಾರೆ, ಮೊಮ್ಮಕ್ಕಳು ಶಾಲೆಯಲ್ಲಿ ಕಲಿತು ಬಂದು ಅಜ್ಜಿಯ ಜೊತೆ ಮಾಡಲಿ.

ದೀಪ ಮಾತ್ರ ತಕ್ಷಣ ಬೇಡಮ್ಮ. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಹಾಳಾದದ್ದು ಅಲುಗಾಟಕ್ಕಿಂತ ಹೆಚ್ಚಾಗಿ ಆಮೇಲೆ ದಿನಗಟ್ಟಲೆ ಉರಿದ ಬೆಂಕಿಯಿಂದ. ಗ್ಯಾಸ್ ಕೊಳವೆ ಎಲ್ಲಾದರೂ ಬಿಟ್ಟುಕೊಂಡಿದೆಯೇ ಎಂದು ಗೊತ್ತಾಗುವವರೆಗೆ ಬೆಂಕಿಕಡ್ಡಿ, ಸ್ಟವ್, ಊದುಬತ್ತಿ ಯಾವುದೂ ಬೇಡ. ಬಿಸಿನೀರಿನ ಟ್ಯಾಂಕನ್ನು ಗೋಡೆಗೆ ಪಟ್ಟಿ ಹಾಕಿ ಬಿಗಿಸಿರಬೇಕೆಂದು ಇಲ್ಲಿ ಕಾನೂನೇ ಇದೆ, ಮನೆ ನೋಡುವ ದಿನವೇ ಗ್ಯಾರೇಜಿಗೆ ಹೋಗಿ ಅದನ್ನು ನೋಡಿ. ಗ್ಯಾಸ್ ಮೀಟರ್ ಪಕ್ಕ ಒಂದು ಸ್ಪ್ಯಾನರ್ ತೂಗುಹಾಕಿ. ವಾಸನೆ ಬಂದರೆ, ಬುಸುಗುಟ್ಟುವ ಸದ್ದು ಕೇಳಿದರೆ ಎಲ್ಲರೂ ಹೊರಗೆ ಬನ್ನಿ, ಆಗ ಮಾತ್ರ ವಾಲ್ವ್ ತಿರುಗಿಸಿ ಮುಚ್ಚಿ. ಸುಮ್ಮನೆ ಮುಚ್ಚಬೇಡಿ, ಒಮ್ಮೆ ಮುಚ್ಚಿದರೆ ನೀವೇ ತೆರೆಯಬಾರದು, ಗ್ಯಾಸ್ ಕಂಪನಿಯವರೇ ಬಂದು ಪರೀಕ್ಷಿಸಿ ತೆರೆಯಬೇಕು. ದೊಡ್ಡ ಭೂಕಂಪ ಆದ ಮೇಲೆ ಅವರು ಬರಲು ವಾರಗಳೇ ಹಿಡಿಯಬಹುದು.