ಐದು ಕ್ವಾಡ್ ಡ್ರೋನ್‌ಗಳು ಒಂದೇ ಆದೇಶಕ್ಕೆ ಒಟ್ಟಿಗೆ ಹೊರಡುತ್ತಿಲ್ಲ: ತೊಂದರೆ ವೈಫೈಯದೋ, ಗಡಿಯಾರದ್ದೋ?

ಗರಿಗಾಳಿ_ಧಾರವಾಡ:
ಏನು ಮಾಡಿದರೂ ಸರಿಹೋಗದೆ ಬೇಸತ್ತು ಇಲ್ಲಿ ಕೇಳುತ್ತಿದ್ದೇನೆ. ನಮ್ಮ ತಂಡದ ಐದು ಕ್ವಾಡ್‌ಕಾಪ್ಟರ್‌ಗಳಲ್ಲಿ ಹಾರಾಟ ನಿಯಂತ್ರಿಸುವ ಆರ್ಡುಪೈಲಟ್ ತಂತ್ರಾಂಶ ಇದೆ. ಪ್ರತಿಯೊಂದರ ಮೇಲೂ ರಾಸ್ಪ್‌ಬೆರಿ ಪೈ 4 ಎಂಬ ಒಂದು ಪುಟ್ಟ ಕಂಪ್ಯೂಟರ್ ಕೂರಿಸಿದ್ದೇವೆ. ನೆಲದ ಲ್ಯಾಪ್‌ಟಾಪ್‌ನಿಂದ ವೈಫೈ ರೂಟರ್ ಮೂಲಕ ಆದೇಶಗಳು ಹೋಗುತ್ತವೆ. ಐದೂ ಮೇಲೇರಿ ಸಾಲಾಗಿ ನಿಂತ ಮೇಲೆ ‘ಹೊರಡು’ ಎಂದು ಆದೇಶ ಕೊಟ್ಟರೆ ಮೂರು ಒಟ್ಟಿಗೆ ಹೊರಡುತ್ತವೆ, ಉಳಿದವು ಕಣ್ಣಿಗೆ ರಾಚುವಷ್ಟು ತಡವಾಗಿ ಹೊರಡುತ್ತವೆ. ತಡಮಾಡುವ ಯಂತ್ರ ಪ್ರತಿ ಸಲವೂ ಬೇರೆಯಾಗಿರುತ್ತದೆ. ಪ್ರೊಪೆಲ್ಲರ್ ಬಿಚ್ಚಿ ಕೋಣೆಯೊಳಗೆ ಪರೀಕ್ಷಿಸಿದಾಗ ಇದೇ ಕೋಡ್ ಚೊಕ್ಕವಾಗಿ ನಡೆಯುತ್ತದೆ, ಆದ್ದರಿಂದ ಕೋಡ್ ಸರಿಯಿದೆ. ಮೈದಾನದ ಆಚೆ ತುದಿಗೆ ಹೋದ ಯಂತ್ರದಲ್ಲಿ ಆರ್‌ಟಿಕೆ (ನೆಲದಿಂದ ತಿದ್ದುಪಡಿ ಕಳಿಸಿ ಜಿಪಿಎಸ್ ಸ್ಥಾನವನ್ನು ಸೆಂಟಿಮೀಟರ್ ಮಟ್ಟಕ್ಕೆ ತರುವ ವಿಧಾನ) ಫಿಕ್ಸ್ ತಪ್ಪಿ, ಕಡಿಮೆ ನಿಖರವಾದ ಫ್ಲೋಟ್‌ಗೆ ಇಳಿಯುವ ಇನ್ನೊಂದು ಕಾಟವೂ ಇದೆ. ಅದನ್ನು ಬೇರೆ ಚರ್ಚೆಯಲ್ಲಿ ಕೇಳುತ್ತೇನೆ.

ಆಂಟೆನಾ_ಮಂಗಳೂರು:
ಇದು ಆಂಟೆನಾದ ತೊಂದರೆ. ನೆಟ್ಟಗೆ ನಿಲ್ಲಿಸಿದ ಡೈಪೋಲ್ ಆಂಟೆನಾ ತನ್ನ ನೆತ್ತಿಯ ದಿಕ್ಕಿಗೆ ಬಹುತೇಕ ಏನನ್ನೂ ಕಳಿಸುವುದಿಲ್ಲ, ಹಾಗಾಗಿ ರೂಟರಿನ ಮೇಲ್ಗಡೆ ಹಾರುವ ಯಂತ್ರಕ್ಕೆ ಸಿಗ್ನಲ್ ಕುಸಿಯುತ್ತದೆ. ಅದರ ಜೊತೆಗೆ ಕಾರ್ಬನ್ ಫೈಬರ್ ಚೌಕಟ್ಟು ಅಲೆಯನ್ನು ತಡೆಯುತ್ತದೆ. ನಿಮ್ಮ ರಿಮೋಟ್ ಕೂಡ 2.4 ಗಿಗಾಹರ್ಟ್ಸ್‌ನದಾಗಿದ್ದರೆ ಅದು ವೈಫೈ ಚಾನೆಲ್‌ನ ಮೇಲೆಯೇ ಜಿಗಿಯುತ್ತಿರುತ್ತದೆ. ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಗರಿಗಾಳಿ_ಧಾರವಾಡ:
ರಿಮೋಟ್ 866 ಮೆಗಾಹರ್ಟ್ಸ್‌ನ ಇಎಲ್‌ಆರ್‌ಎಸ್ ರೇಡಿಯೋ. ಆಂಟೆನಾಗಳು ಚೌಕಟ್ಟಿನಿಂದ ಕೆಳಕ್ಕೆ ನೆಟ್ಟಗೆ ಇಳಿಬಿದ್ದಿವೆ. ರೂಟರನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ ನೋಡಿದ್ದೇವೆ, ತಡ ಹಾಗೆಯೇ ಉಳಿದಿದೆ.

ಆಂಟೆನಾ_ಮಂಗಳೂರು:
ಹಾಗಾದರೆ ಪೈಯ ಯುಎಸ್‌ಬಿ 3 ಕಿಂಡಿಗೆ ಏನು ಚುಚ್ಚಿದ್ದೀರಿ? ಸರಿಯಾದ ಕವಚವಿಲ್ಲದ ಯುಎಸ್‌ಬಿ 3 ಕೇಬಲ್ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಎಬ್ಬಿಸುತ್ತದೆ. ಇಂಟೆಲ್ ಸಂಸ್ಥೆ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ನಾನು ಎತ್ತರದ ಕಂಬಕ್ಕೆ ಎರಡು ಸೆಕ್ಟರ್ ಆಂಟೆನಾ ಕಟ್ಟಿ, ಪ್ರತಿ ಕೇಬಲ್‌ಗೂ ಫೆರೈಟ್ ಉಂಗುರ ತೊಡಿಸಿದ ಮೇಲೆ ನನ್ನ ಮೂರು ಯಂತ್ರಗಳು ಒಮ್ಮೆಯೂ ತಪ್ಪಿಲ್ಲ.

ತರಂಗ_ತುಮಕೂರು:
866ರಲ್ಲಿ ಇರುವುದು ಒಳ್ಳೆಯದಾಯಿತು. ಅನೇಕರು 915 ಮೆಗಾಹರ್ಟ್ಸ್ ಟೆಲಿಮೆಟ್ರಿ ರೇಡಿಯೋ ತರಿಸಿಕೊಂಡು ಹಾರಿಸುತ್ತಾರೆ. 902 ರಿಂದ 928ರ ಪಟ್ಟಿ ಅಮೆರಿಕ ಖಂಡಗಳಿಗೆ ಮೀಸಲಾದದ್ದು; ನಮ್ಮಲ್ಲಿ ಪರವಾನಗಿ ಬೇಡದಿರುವುದು 865 ರಿಂದ 868ರ ಪಟ್ಟಿಗೆ. 890 ರಿಂದ 915ರ ನಡುವೆ ಮೊಬೈಲ್ ಫೋನ್‌ಗಳು ಟವರಿಗೆ ಮಾತಾಡುತ್ತವೆ.

ಆಂಟೆನಾ_ಮಂಗಳೂರು:
ಅವರು 915 ಬಳಸುತ್ತಿಲ್ಲವೆಂದು ಈಗಾಗಲೇ ಹೇಳಿದ್ದಾರೆ. ಆ ಮಾತು ಇಲ್ಲಿ ಅನಗತ್ಯ.

ತರಂಗ_ತುಮಕೂರು:
ಓದುವವರು ಅವರೊಬ್ಬರೇ ಅಲ್ಲ. 5 ಗಿಗಾಹರ್ಟ್ಸ್‌ನಲ್ಲೂ ಅದೇ ತಡ ಎಂದ ಮೇಲೆ 2.4ರ ಗದ್ದಲವನ್ನು ಹಿಡಿದುಕೊಂಡು ಕೂರುವುದೂ ಅಷ್ಟೇ ಅನಗತ್ಯ.

ಸಮಯಪಾಲಕ_ಮೈಸೂರು:
ಮೂರು ವಿಷಯ ತಿಳಿಯದೆ ಮುಂದೆ ಹೋಗಲಾಗದು. ಆದೇಶ ಒಂದೊಂದು ಯಂತ್ರಕ್ಕೂ ಪ್ರತ್ಯೇಕವಾಗಿ ಹೋಗುತ್ತದೆಯೋ, ಬ್ರಾಡ್‌ಕಾಸ್ಟ್ ಆಗಿ ಎಲ್ಲಕ್ಕೂ ಒಮ್ಮೆಲೇ ಹೋಗುತ್ತದೆಯೋ? ಉತ್ತರ ಬಾರದಿದ್ದರೆ ಎಷ್ಟು ಹೊತ್ತಿಗೆ ಮತ್ತೆ ಕಳಿಸುತ್ತೀರಿ? ಆ ರೂಟರಿಗೆ ಇನ್ನು ಯಾವ ಯಾವ ಸಾಧನಗಳು ಸೇರಿಕೊಂಡಿವೆ? ಆರ್‌ಟಿಕೆ ತಿದ್ದುಪಡಿಗಳೂ ಅದೇ ದಾರಿಯಲ್ಲಿ ಹೋಗುತ್ತಿದ್ದರೆ ನೀವು ಬೇರೆ ಎಂದುಕೊಂಡಿರುವ ಎರಡನೆಯ ಕಾಟ ಬೇರೆಯಲ್ಲ.

ಗರಿಗಾಳಿ_ಧಾರವಾಡ:
ಯುಡಿಪಿ (ತಲುಪಿತೇ ಎಂದು ತಾನೇ ವಿಚಾರಿಸದ ರವಾನೆ) ಬ್ರಾಡ್‌ಕಾಸ್ಟ್. ಐದೂ ಉತ್ತರಿಸುವ ತನಕ ಸೆಕೆಂಡಿಗೊಮ್ಮೆ ಮರುಕಳಿಸುತ್ತೇವೆ, ಬಂದ ತಕ್ಷಣ ಪೈ ಚಲನೆ ಆರಂಭಿಸುತ್ತದೆ. ಆರ್‌ಟಿಕೆ ತಿದ್ದುಪಡಿಯೂ ಹಾಗೆಯೇ ಹೋಗುತ್ತದೆ. ಲ್ಯಾಪ್‌ಟಾಪ್ ಬಿಟ್ಟರೆ, ಮೊದಲನೆಯ ಯಂತ್ರದ ಕ್ಯಾಮೆರಾ ನೋಡಲು ಗೆಳೆಯರ ಫೋನ್‌ಗಳು ಸೇರಿಕೊಂಡಿರುತ್ತವೆ. ಕೋಣೆಯಲ್ಲಿ ಅವು ಇರಲಿಲ್ಲ. ಫೋನಿಗೂ ಇದಕ್ಕೂ ಏನು ಸಂಬಂಧ?

ಸಮಯಪಾಲಕ_ಮೈಸೂರು:
ನೇರ ಸಂಬಂಧವಿದೆ. ವೈಫೈನಲ್ಲಿ ಒಂದೇ ಸಾಧನಕ್ಕೆ ಹೋಗುವ ಪ್ಯಾಕೆಟ್‌ಗೆ ಸ್ವೀಕೃತಿ ಬರುತ್ತದೆ, ಬಾರದಿದ್ದರೆ ರೇಡಿಯೋ ಮಟ್ಟದಲ್ಲೇ ಮರುಪ್ರಸಾರ ಆಗುತ್ತದೆ. ರೂಟರ್ ಎಲ್ಲರಿಗೂ ಹರಡುವ ಬ್ರಾಡ್‌ಕಾಸ್ಟ್ ಪ್ಯಾಕೆಟ್‌ಗೆ ಸ್ವೀಕೃತಿಯೂ ಇಲ್ಲ, ಮರುಪ್ರಸಾರವೂ ಇಲ್ಲ. ಸಾಮಾನ್ಯವಾಗಿ ಅದು ಅತಿ ಕಡಿಮೆ ವೇಗದಲ್ಲಿ, 2.4 ಗಿಗಾಹರ್ಟ್ಸ್‌ನಲ್ಲಾದರೆ ಹೆಚ್ಚಾಗಿ ಸೆಕೆಂಡಿಗೆ 1 ಮೆಗಾಬಿಟ್‌ನಂತೆ ಹೋಗುತ್ತದೆ. ಇದರ ಮೇಲೆ, ಸೇರಿಕೊಂಡ ಸಾಧನಗಳಲ್ಲಿ ಒಂದೇ ಒಂದು ವಿದ್ಯುತ್ ಉಳಿತಾಯಕ್ಕಾಗಿ ನಿದ್ರೆಗೆ ಜಾರಿದ್ದರೂ ರೂಟರ್ ಎಲ್ಲ ಬ್ರಾಡ್‌ಕಾಸ್ಟ್‌ಗಳನ್ನೂ ತಡೆದಿಟ್ಟು, ಡಿಟಿಐಎಂ ಎಂಬ ಗುರುತುಳ್ಳ ಬೀಕನ್ (ರೂಟರ್ ನಿಯಮಿತವಾಗಿ ಹೊರಡಿಸುವ ಕಿರುಸಂಕೇತ) ಬಂದ ಮೇಲೆ ಬಿಡುತ್ತದೆ. ಬೀಕನ್‌ಗಳ ನಡುವಿನ ಸಾಮಾನ್ಯ ಅಂತರ 102.4 ಮಿಲಿಸೆಕೆಂಡ್, ಡಿಟಿಐಎಂ ಮೂರಕ್ಕೊಂದು ಎಂದಿದ್ದರೆ ನಿಮ್ಮ ಆದೇಶ 300 ಮಿಲಿಸೆಕೆಂಡ್ ತನಕ ರೂಟರಿನೊಳಗೇ ಕೂರಬಹುದು. ಫೋನ್‌ಗಳು ಪದೇ ಪದೇ ಹೀಗೆ ನಿದ್ರೆಗೆ ಜಾರುತ್ತವೆ, ಪೈಯ ವೈಫೈ ಕೂಡ ಮೂಲ ಸ್ಥಿತಿಯಲ್ಲಿ ಅದನ್ನೇ ಮಾಡುತ್ತದೆ. ಲ್ಯಾಪ್‌ಟಾಪ್‌ನಿಂದ ಸುಮ್ಮನಿರುವ ಪೈಗೆ ಪಿಂಗ್ (ಉತ್ತರ ಬರಲು ಎಷ್ಟು ಹೊತ್ತೆಂದು ಅಳೆಯುವ ಸಂದೇಶ) ಕಳಿಸಿ ನೋಡಿ: ಒಮ್ಮೆ 4, ಒಮ್ಮೆ 90, ಒಮ್ಮೆ 60 ಮಿಲಿಸೆಕೆಂಡ್ ಎಂದು ಅಂಕಿ ಕುಣಿದರೆ ಪೈ ನಿದ್ರಿಸುತ್ತಿದೆ ಎಂದೇ ಅರ್ಥ. ಪವರ್ ಸೇವ್ ಆಫ್ ಮಾಡಿ, ಫೋನ್‌ಗಳನ್ನು ಆ ಜಾಲದಿಂದ ತೆಗೆಯಿರಿ.

ಡಿಟಿಐಎಂ ತಡ ಐದಕ್ಕೂ ಒಂದೇ ಆದ್ದರಿಂದ ಅವು ಚದುರುವುದು ಅದರಿಂದಲ್ಲ. ವಿಡಿಯೋ ತುಂಬಿದ ಗಾಳಿಯಲ್ಲಿ ದೂರದ ಒಂದೆರಡು ಯಂತ್ರಗಳು ಮೊದಲ ಪ್ಯಾಕೆಟ್ ಕಳೆದುಕೊಂಡು, ಒಂದು ಸೆಕೆಂಡ್ ನಂತರದ ಮರುಕಳಿಕೆಯಲ್ಲಿ ಎಚ್ಚರಗೊಳ್ಳುತ್ತಿವೆ. ಆರ್‌ಟಿಕೆ ತಿದ್ದುಪಡಿಗೂ ಅದೇ ಗತಿ: ಡ್ರೋನ್‌ಗಳ ಸಂದೇಶ ಕ್ರಮವಾದ ಮ್ಯಾವ್‌ಲಿಂಕ್ ಅದನ್ನು 180 ಬೈಟ್‌ಗಳ ತುಣುಕುಗಳಾಗಿ ಒಡೆಯುತ್ತದೆ, ಒಂದು ತುಣುಕು ಹೋದರೂ ಇಡೀ ಸಂದೇಶ ವ್ಯರ್ಥ. ಲಾಗ್‌ನಲ್ಲಿ ತಡ ಸರಿಸುಮಾರು ಒಂದು ಸೆಕೆಂಡ್ ಇದೆಯೇ ನೋಡಿ ಹೇಳಿ.

ಇಷ್ಟನ್ನೆಲ್ಲ ಸರಿಪಡಿಸಿದರೂ ‘ಈಗ ಹೊರಡು’ ಎಂಬ ಆದೇಶವನ್ನೇ ನಾನು ಒಪ್ಪುವುದಿಲ್ಲ. ಐದೂ ಯಂತ್ರಗಳಲ್ಲಿ ಜಿಪಿಎಸ್ ಇದೆ, ಅಂದರೆ ಐದಕ್ಕೂ ಒಂದೇ ಗಡಿಯಾರ ಪುಕ್ಕಟೆಯಾಗಿ ಸಿಕ್ಕಿದೆ. ‘ಇಂತಿಷ್ಟು ಗಂಟೆ, ನಿಮಿಷ, ಸೆಕೆಂಡಿಗೆ ಹೊರಡು’ ಎಂದು ಮೂವತ್ತು ಸೆಕೆಂಡ್ ಮೊದಲೇ ಕಳಿಸಿ, ಐದೂ ಉತ್ತರಿಸದಿದ್ದರೆ ರದ್ದುಮಾಡಿ. ಆಗ ರೇಡಿಯೋದ ತಡ ಎಷ್ಟಿದ್ದರೇನು, ಹೊರಡುವ ಕ್ಷಣ ಅಲುಗಾಡುವುದಿಲ್ಲ.

ಕರ್ನಲ್_ಉಡುಪಿ:
ಅದಕ್ಕೆ ಪಿಟಿಪಿ (ಜಾಲದ ಮೂಲಕ ಗಡಿಯಾರಗಳನ್ನು ಹೊಂದಿಸುವ ಕ್ರಮ) ಹಾಕಿದರೆ ಮೈಕ್ರೋಸೆಕೆಂಡ್ ನಿಖರತೆ ಬರುತ್ತದೆ. ನಮ್ಮ ಪ್ರಯೋಗಶಾಲೆಯಲ್ಲಿ ಬಳಸುತ್ತೇವೆ.

ಸಮಯಪಾಲಕ_ಮೈಸೂರು:
ಈಥರ್ನೆಟ್‌ನಲ್ಲಿ, ಹಾರ್ಡ್‌ವೇರ್ ಸಮಯಮುದ್ರೆ ಇದ್ದರೆ ನಿಮ್ಮ ಮಾತು ಸರಿ. ಪೈ 4ರ ವೈಫೈನಲ್ಲಿ ಆ ಸೌಲಭ್ಯವಿಲ್ಲ. ಇಲ್ಲಿ ಬೇಕಿರುವ ನಿಖರತೆಯನ್ನೂ ನೋಡಬೇಕು: ಸೆಕೆಂಡಿಗೆ 4 ಮೀಟರ್ ವೇಗದಲ್ಲಿ 25 ಮಿಲಿಸೆಕೆಂಡ್ ತಪ್ಪಿದರೆ ಸ್ಥಾನ ತಪ್ಪುವುದು 10 ಸೆಂಟಿಮೀಟರ್. ಆರ್ಡುಪೈಲಟ್ ಓಡುವ ಫ್ಲೈಟ್ ಕಂಟ್ರೋಲರ್ ಕೊಡುವ ‘ಸಿಸ್ಟಮ್ ಟೈಮ್’ ಸಂದೇಶವೇ ಇದಕ್ಕೆ ಸಾಕು.

ಗರಿಗಾಳಿ_ಧಾರವಾಡ:
ಲಾಗ್ ತೆರೆದು ನೋಡಿದೆ. ತಡವಾದ ಯಂತ್ರಗಳೆಲ್ಲ ಒಂದು ಸೆಕೆಂಡ್ ಹಿಂದಿವೆ, ಒಂದು ಸಲ ಎರಡು ಸೆಕೆಂಡ್. ಫೋನ್‌ಗಳನ್ನು ತೆಗೆದು, ಪವರ್ ಸೇವ್ ಆಫ್ ಮಾಡಿ, ಸಮಯ ನಿಗದಿ ಮಾಡಿ ಕಳಿಸುವ ಕೋಡ್ ಬರೆದೆವು. ನಾಲ್ಕು ಯಂತ್ರಗಳು ಈಗ ಒಟ್ಟಿಗೆ ಹೊರಡುತ್ತವೆ, ಆರ್‌ಟಿಕೆ ಫಿಕ್ಸ್ ಕೂಡ ನಿಲ್ಲುತ್ತಿದೆ. ಆದರೆ ಐದನೆಯದು ಎಲ್ಲಕ್ಕಿಂತ 18 ಸೆಕೆಂಡ್ ಮೊದಲು ಹೊರಟಿತು. ಪ್ರೊಪೆಲ್ಲರ್ ಇರಲಿಲ್ಲ, ಅಷ್ಟರಮಟ್ಟಿಗೆ ಕ್ಷೇಮ. ಅದರಲ್ಲಿ ಬದಲಿ ಜಿಪಿಎಸ್ ಮಾಡ್ಯೂಲ್ ಇದೆ, ಅದನ್ನು ಪೈ ನೇರವಾಗಿ ಓದುತ್ತದೆ.

ಸಮಯಪಾಲಕ_ಮೈಸೂರು:
18 ಎಂಬ ಅಂಕಿಯೇ ಉತ್ತರ. ಜಿಪಿಎಸ್ ಸಮಯಕ್ಕೆ ಅಧಿಕ ಸೆಕೆಂಡ್ (ಭೂಮಿಯ ತಿರುಗುವಿಕೆಗೆ ಗಡಿಯಾರ ಹೊಂದಿಸುವ ಹೆಚ್ಚುವರಿ ಸೆಕೆಂಡ್) ಸೇರಿಸುವ ಪದ್ಧತಿ ಇಲ್ಲ. ಜಿಪಿಎಸ್ ಸಮಯ ಶುರುವಾದ 1980ರ ಜನವರಿ 6ರಿಂದ ಈಚೆಗೆ ಯುಟಿಸಿಗೆ (ಜಾಗತಿಕ ಪ್ರಮಾಣ ಸಮಯ) ಅಂಥವು 18 ಸೇರಿವೆ, ಕೊನೆಯದು 2016ರ ಡಿಸೆಂಬರ್ 31ರಂದು. ಐದನೆಯ ಪೈ ವಾರದ ಸಂಖ್ಯೆ ಮತ್ತು ಸೆಕೆಂಡುಗಳಿಂದ ಸಮಯವನ್ನು ತಾನೇ ಲೆಕ್ಕ ಹಾಕುತ್ತಿದೆ, 18 ಕಳೆಯುತ್ತಿಲ್ಲ. ಅದನ್ನೂ ಫ್ಲೈಟ್ ಕಂಟ್ರೋಲರ್‌ನ ಸಮಯಕ್ಕೇ ಜೋಡಿಸಿ. ರಿಸೀವರ್ ಈ ಅಂತರವನ್ನು ಉಪಗ್ರಹದ ಸಂದೇಶದಿಂದ ಓದಬೇಕು, ಆ ಸಂದೇಶ ಪೂರ್ತಿ ಒಂದು ಸುತ್ತು ಬರಲು 12.5 ನಿಮಿಷ ಹಿಡಿಯುತ್ತದೆ. ಹಳೆಯ ಫರ್ಮ್‌ವೇರ್ ಇರುವ ಮಾಡ್ಯೂಲ್ ಅಲ್ಲಿಯವರೆಗೆ ತನ್ನ ಹಳೆಯ ಅಂಕಿಯನ್ನೇ ನಂಬಬಹುದು. ಐದೂ ಯಂತ್ರಗಳ ಸಮಯ ನೆಲದ ಪರದೆಯಲ್ಲಿ ತಾಳೆಯಾಗದೆ ಮೋಟಾರ್ ಆರ್ಮ್ ಆಗದಂತೆ (ತಿರುಗಲು ಸಿದ್ಧವಾಗದಂತೆ) ಕೋಡ್‌ನಲ್ಲೇ ತಡೆ ಹಾಕಿ.

ಕರ್ನಲ್_ಉಡುಪಿ:
ಹಾರಾಟದ ನಡುವೆ ಜಿಪಿಎಸ್ ಹೋದರೆ ನಿಮ್ಮ ಗಡಿಯಾರ ಏನಾಗುತ್ತದೆ?

ಸಮಯಪಾಲಕ_ಮೈಸೂರು:
ಸಾಧಾರಣ ಸ್ಫಟಿಕ ಹತ್ತು ಲಕ್ಷಕ್ಕೆ 20 ಭಾಗ ತಪ್ಪಿದರೂ ನಿಮಿಷಕ್ಕೆ 1.2 ಮಿಲಿಸೆಕೆಂಡ್, ಹದಿನೈದು ನಿಮಿಷದ ಇಡೀ ಹಾರಾಟಕ್ಕೆ 18 ಮಿಲಿಸೆಕೆಂಡ್ ಮಾತ್ರ ಜಾರುತ್ತದೆ. ಜಿಪಿಎಸ್ ಹೋದರೆ ಯಂತ್ರ ಮೊದಲು ಕಳೆದುಕೊಳ್ಳುವುದು ಸ್ಥಾನವನ್ನು. ಆ ವೈಫಲ್ಯಕ್ಕೆ ಏನು ಮಾಡಬೇಕೆಂಬ ಸೆಟ್ಟಿಂಗ್ ಐದರಲ್ಲೂ ಒಂದೇ ಆಗಿದೆಯೇ, ಗರಿಗಾಳಿಯವರೇ? ಸಾಲಿನಲ್ಲಿ ಒಂದು ಇದ್ದಲ್ಲೇ ಇಳಿಯಲು ತೊಡಗಿ, ಇನ್ನೊಂದು ಗಾಳಿಗೆ ತೇಲುತ್ತಾ ಪಕ್ಕದ್ದರ ಮೇಲೆ ಬಂದರೆ ಕಷ್ಟ. ಹಾರಿಸುವ ಮೊದಲು ಐದರ ಪ್ಯಾರಾಮೀಟರ್ ಫೈಲ್‌ಗಳನ್ನೂ ಇಲ್ಲಿ ಹಾಕಿ.