ಶಿವಮೊಗ್ಗದಿಂದ ಕರಾವಳಿ ಸುತ್ತು: ಸಲಹೆ ಬೇಕಾಗಿದೆ

ಪ್ರಶ್ನೆ: ಹಿರಿಯರೂ ಸೇರಿ ಹನ್ನೆರಡು ಮಂದಿ ಡಿಸೆಂಬರಿನಲ್ಲಿ ಟೆಂಪೊ ಟ್ರಾವೆಲರ್ ಮಾಡಿಕೊಂಡು ಆಗುಂಬೆ, ಉಡುಪಿ, ಕೊಲ್ಲೂರು, ಮುರ್ಡೇಶ್ವರ, ಜೋಗ ನೋಡಿ ನಾಲ್ಕು ದಿನಗಳಲ್ಲಿ ಮರಳಬೇಕೆಂದಿದ್ದೇವೆ. ಈ ಕ್ರಮ ಸರಿಯೇ?

ಉತ್ತರ 1: ಕ್ರಮ ಸರಿಯಾಗಿದೆ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿರುವುದರಿಂದ ವಾಂತಿಯ ತೊಂದರೆಯಿರುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ತಿಂಡಿಯನ್ನು ಕೆಳಗಿಳಿದ ಮೇಲೆ ಹೆಬ್ರಿಯಲ್ಲಿ ಮುಗಿಸುವುದು ಒಳ್ಳೆಯದು.

ಉತ್ತರ 2: ಯಾರಾದರೂ ಕೊಲ್ಲೂರಿನ ಬಳಿಯ ಕೊಡಚಾದ್ರಿ ಬೆಟ್ಟದ ಆಸೆ ಹುಟ್ಟಿಸಿದರೆ ದಯವಿಟ್ಟು ಒಪ್ಪಬೇಡಿ, ಬೆಟ್ಟ ಹತ್ತುವ ಜೀಪಿನ ಕುಲುಕಾಟವನ್ನು ಹಿರಿಯರ ಸೊಂಟ ತಾಳದು. ಬದಲಿಗೆ, ಹೆದ್ದಾರಿಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ನದಿಯಿರುವ ಮರವಂತೆಯಲ್ಲಿ ಸಂಜೆ ಕಳೆಯಿರಿ.

ಉತ್ತರ 3: ಡಿಸೆಂಬರಿನ ಜೋಗದಲ್ಲಿ ಮಳೆಗಾಲದ ಆರ್ಭಟವನ್ನು ನಿರೀಕ್ಷಿಸಬೇಡಿ. ಹೊನ್ನಾವರದಿಂದ ಗೇರುಸೊಪ್ಪೆಯ ಮೂಲಕ ಹಗಲಿನಲ್ಲೇ ಘಟ್ಟ ಹತ್ತಿ.